ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಂಜಾ ಲೀಗಲ್ ಆದ್ಮೇಲೆ ಪೇಶೆಂಟ್ ಎಲ್ಲಿ ಹೋದ?

ಅಮೆರಿಕದಲ್ಲಿ ಗಾಂಜಾ ಲೀಗಲ್ಲಾ ಅಂತ ಕೇಳಿದ್ರೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ, ಯಾವ ಸರ್ಕಾರನ ಕೇಳ್ತಿದ್ದೀರ ಅನ್ನೋದರ ಮೇಲೆ ಹೋಗುತ್ತೆ ಅದು. ಸ್ಯಾನ್ ಫ್ರಾನ್ಸಿಸ್ಕೋ ಊರನ್ನೇ ತಗೊಳ್ಳಿ. 21 ವರ್ಷ ತುಂಬಿದೆ ಅಂತ ಐಡಿ ತೋರಿಸಿದ್ರೆ ಸಾಕು, ಅಂಗಡಿಗೆ ಹೋಗಿ 1 ಔನ್ಸ್, ಅಂದ್ರೆ 28.5 ಗ್ರಾಂವರೆಗೆ ಒಣಗಿದ ಗಾಂಜಾ ತಗೊಂಡು ಬರಬಹುದು. ಅಂಗಡಿಗೆ ಸಿಟಿ ಪರ್ಮಿಟ್ ಕೊಟ್ಟಿರುತ್ತೆ, ರಾಜ್ಯ ಲೈಸೆನ್ಸ್ ಕೊಟ್ಟಿರುತ್ತೆ, ಟ್ಯಾಕ್ಸ್ ಹಾಕಿದ ಬಿಲ್ಲೂ ಕೈಗೆ ಬರುತ್ತೆ. ಅದೇ ಪೊಟ್ಟಣ ಜೇಬಲ್ಲಿ ಇಟ್ಕೊಂಡು ಅದೇ ಊರಿನ ಪ್ರೆಸಿಡಿಯೋಗೋ ಕ್ರಿಸ್ಸಿ ಫೀಲ್ಡಿಗೋ ವಾಕಿಂಗ್ ಹೋದ್ರಿ ಅಂದ್ಕೊಳ್ಳಿ, ಅದು ಫೆಡರಲ್ ಜಾಗ, ಅಲ್ಲಿ ನಡೆಯೋದು ಕೇಂದ್ರದ ಕಾನೂನು, ಅಲ್ಲಿ ಆ ಪೊಟ್ಟಣ ಇಟ್ಕೊಂಡಿರೋದೇ ಅಪರಾಧ.

ಕೇಂದ್ರದ ಲೆಕ್ಕದಲ್ಲಿ ಗಾಂಜಾ 1970ರ ಕಂಟ್ರೋಲ್ಡ್ ಸಬ್‌ಸ್ಟೆನ್ಸಸ್ ಆಕ್ಟ್ ಬಂದಾಗಲೇ ಶೆಡ್ಯೂಲ್ 1ಕ್ಕೆ ಸೇರಿಹೋಯ್ತು, ಹೆರಾಯಿನ್ ಪಕ್ಕದಲ್ಲೇ. ಶೆಡ್ಯೂಲ್ 1 ಅಂದ್ರೆ ಚಟ ಹಿಡಿಸೋ ಸಾಧ್ಯತೆ ಜಾಸ್ತಿ, ವೈದ್ಯಕೀಯ ಉಪಯೋಗ ಅಂತ ಒಪ್ಪಿಕೊಂಡಿರೋದು ಏನೂ ಇಲ್ಲ ಅಂತ. ಡಾಕ್ಟರ್ ಬರೆದುಕೊಡೋ ಹಾಗೂ ಇಲ್ಲ, ಮೆಡಿಕಲ್ ಶಾಪಲ್ಲಿ ಮಾರೋ ಹಾಗೂ ಇಲ್ಲ. ಹಾಗಿದ್ರೂ ಈ ಒಂದು ಊರಲ್ಲಿ 'ಮೆಡಿಕಲ್ ಗಾಂಜಾ' ಅಂತ ಒಂದು ಮಾರ್ಕೆಟ್ಟೇ ಎದ್ದು ನಿಂತಿತು, ಅದರ ಬೆನ್ನೇರಿಕೊಂಡೇ ಎಲ್ಲರಿಗೂ ಲೀಗಲ್ ಅನ್ನೋ ಕಾನೂನು ಬಂತು, ಆಮೇಲೆ ಆ ಕಾನೂನೇ ಮೆಡಿಕಲ್ ಅನ್ನೋದನ್ನ ಹೆಚ್ಚುಕಮ್ಮಿ ನುಂಗಿ ಹಾಕಿತು. ನಂಗೆ ಹೇಳ್ಬೇಕಾಗಿರೋದು ಈ ಕಥೆನೇ, ಯಾಕಂದ್ರೆ ಲೀಗಲೈಸೇಶನ್ ಬಗ್ಗೆ ಮಾತಾಡೋರೆಲ್ಲ ಟ್ಯಾಕ್ಸ್ ಎಷ್ಟು ಬಂತು, ಕ್ರೈಮ್ ಎಷ್ಟಾಯ್ತು ಅಂತಾನೇ ಮಾತಾಡ್ತಾರೆ, ಕಾಯಿಲೆ ಇರೋನ ಗತಿ ಏನಾಯ್ತು ಅಂತ ಕೇಳೋರು ಕಮ್ಮಿ.

ಶುರುವಾಗಿದ್ದು ಏಡ್ಸ್ ಕಾಲದಲ್ಲಿ. 1980ರ ದಶಕದಲ್ಲಿ ಈ ಊರಲ್ಲಿ ಸಲಿಂಗಿಗಳು ಜಾಸ್ತಿ ಇರೋ ಕ್ಯಾಸ್ಟ್ರೋ ಏರಿಯಾದಲ್ಲಿ ಹುಡುಗರು ಸಾಲುಸಾಲಾಗಿ ಸಾಯ್ತಿದ್ರು. ಊಟ ಸೇರಲ್ಲ, ತಿಂದಿದ್ದು ನಿಲ್ಲಲ್ಲ, ತೂಕ ಇಳಿದು ಇಳಿದು ಮೂಳೆ ಚರ್ಮ ಮಾತ್ರ ಉಳಿಯೋದು, 1987ರಲ್ಲಿ ಎಝೆಡ್‌ಟಿ ಅಂತ ಮೊದಲ ಔಷಧಿ ಬಂದ್ರೆ ಅದನ್ನ ತಗೊಂಡ್ರೂ ವಾಕರಿಕೆ. ಎರಡು ದಮ್ಮು ಗಾಂಜಾ ಎಳೆದ್ರೆ ಹಸಿವಾಗುತ್ತೆ, ವಾಕರಿಕೆ ನಿಲ್ಲುತ್ತೆ ಅನ್ನೋದು ಪೇಶೆಂಟ್‌ಗಳು ತಾವೇ ಕಂಡ್ಕೊಂಡಿದ್ದು. ಮೇರಿ ಜೇನ್ ರಾತ್‌ಬನ್ ಅಂತ ಒಬ್ಬ ಅಜ್ಜಿ ಇದ್ರು, ಹುಟ್ಟಿದ್ದು 1922ರಲ್ಲಿ, ಹೋಟೆಲಲ್ಲಿ ವೇಟ್ರೆಸ್ ಆಗಿ ದುಡಿದು ರಿಟೈರ್ ಆದೋರು, ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯ ಏಡ್ಸ್ ವಿಭಾಗದಲ್ಲಿ ವಾಲಂಟಿಯರ್ ಆಗಿ ಸೇರಿಕೊಂಡ್ರು. ತನ್ನ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿ ದುಡ್ಡಲ್ಲಿ ಹಿಟ್ಟು ಸಕ್ಕರೆ ತಂದು, ಯಾರೋ ಕೊಟ್ಟ ಗಾಂಜಾ ಹಾಕಿ ಬ್ರೌನಿ ಮಾಡಿ ಪೇಶೆಂಟ್‌ಗಳಿಗೆ ಪುಕ್ಕಟೆ ಹಂಚೋರು. ಮೂರು ಸಲ ಅರೆಸ್ಟ್ ಆದ್ರು, ಬಿಡಲಿಲ್ಲ. 1992ರಲ್ಲಿ ಮೂರನೇ ಸಲ ಹಿಡಿದಾಗ ಊರಿನ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅಂದ್ರೆ ಅಲ್ಲಿನ ನಗರಸಭೆ, ಆಗಸ್ಟ್ 25ನ್ನ 'ಬ್ರೌನಿ ಮೇರಿ ದಿನ' ಅಂತ ಘೋಷಣೆನೇ ಮಾಡಿಬಿಡ್ತು. ಪೊಲೀಸರು ಒಂದು ಕಡೆ ಕೇಸ್ ಹಾಕ್ತಿದ್ರೆ ನಗರಸಭೆ ಇನ್ನೊಂದು ಕಡೆ ಸನ್ಮಾನ ಮಾಡ್ತಿತ್ತು.

ಇನ್ನೊಬ್ರು ಡೆನಿಸ್ ಪೆರೋನ್. ವಿಯೆಟ್ನಾಂ ಯುದ್ಧದಲ್ಲಿ ಏರ್‌ಫೋರ್ಸಲ್ಲಿದ್ದು ಬಂದೋರು, ಆಮೇಲೆ ಊರಲ್ಲಿ ರಾಜಾರೋಷವಾಗಿ ಗಾಂಜಾ ಮಾರ್ತಿದ್ದೋರು. ಅವರ ಸಂಗಾತಿ ಜೊನಾಥನ್ ವೆಸ್ಟ್ 1990ರಲ್ಲಿ ಏಡ್ಸಿಂದ ತೀರಿಕೊಂಡ ಮೇಲೆ ಈ ಮನುಷ್ಯ ಮೆಡಿಕಲ್ ಗಾಂಜಾ ಚಳವಳಿಗೆ ಪೂರ್ತಿ ಇಳಿದುಬಿಟ್ರು. 1991ರಲ್ಲಿ ಪ್ರಪೊಸಿಷನ್ ಪಿ ಅಂತ ಊರವರ ಮುಂದೆ ಮತಕ್ಕಿಟ್ರು, ಕಾಯಿಲೆಯವರಿಗೆ ಗಾಂಜಾ ಸಿಗೋ ಹಾಗೆ ಮಾಡಿ ಅಂತ ರಾಜ್ಯಕ್ಕೆ ಕೇಳೋ ನಿರ್ಣಯ ಅಷ್ಟೇ, ಕಾನೂನಿನ ಬಲ ಇರಲಿಲ್ಲ, ಆದ್ರೂ ಸುಮಾರು 80% ಜನ ಹೌದು ಅಂದ್ರು. ಆ ಧೈರ್ಯದಲ್ಲೇ ಕ್ಯಾನಬಿಸ್ ಬಯರ್ಸ್ ಕ್ಲಬ್ ಶುರುವಾಯ್ತು. ಡಾಕ್ಟರ್ ಚೀಟಿ ತೋರಿಸಿ ಮೆಂಬರ್ ಆಗೋದು, ಕೌಂಟರಲ್ಲಿ ಗಾಂಜಾ ತಗೊಳ್ಳೋದು, ಅಲ್ಲೇ ಸೋಫಾದಲ್ಲಿ ಕೂತು ಬೇರೆ ಪೇಶೆಂಟ್‌ಗಳ ಜೊತೆ ಮಾತಾಡೋದು. ಇವತ್ತಿನ ಡಿಸ್ಪೆನ್ಸರಿಗಳಿಗೆಲ್ಲ, ಅಂದ್ರೆ ಲೀಗಲ್ ಗಾಂಜಾ ಅಂಗಡಿಗಳಿಗೆಲ್ಲ, ಮೂಲ ಇದೇ. 1996ರ ಆಗಸ್ಟಲ್ಲಿ ರಾಜ್ಯದ ಅಟಾರ್ನಿ ಜನರಲ್ ಡ್ಯಾನ್ ಲಂಗ್ರೆನ್ ಕಡೆಯವರು ಕ್ಲಬ್ಬಿನ ಮೇಲೆ ರೇಡ್ ಮಾಡಿದ್ರು. ನವೆಂಬರಲ್ಲಿ ಪ್ರಪೊಸಿಷನ್ 215 ಮತಕ್ಕಿತ್ತು, 55.6% ಬಂದು ಪಾಸಾಯ್ತು, ಮೆಡಿಕಲ್ ಗಾಂಜಾ ಒಪ್ಪಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ ಆಯ್ತು. (1998ರ ಗವರ್ನರ್ ಚುನಾವಣೆಗೆ ಲಂಗ್ರೆನ್ ನಿಂತಾಗ ಪೆರೋನ್ ಅದೇ ರಿಪಬ್ಲಿಕನ್ ಪಾರ್ಟಿಯ ಪ್ರೈಮರಿಯಲ್ಲಿ, ಅಂದ್ರೆ ಪಾರ್ಟಿಯ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಚುನಾವಣೆಯಲ್ಲಿ, ಅವರೆದುರೇ ಹೋಗಿ ನಿಂತ್ರು. ಗೆಲ್ಲಲಿಲ್ಲ, ಗೆಲ್ಲೋಕೆ ನಿಂತಿದ್ದೂ ಅಲ್ಲ ಬಿಡಿ.)

ಈಗ ಕಾನೂನಿನ ತಂತ್ರ ನೋಡಿ, ಮಿಕ್ಕಿದ್ದೆಲ್ಲ ನಿಂತಿರೋದು ಇದರ ಮೇಲೆ. ಶೆಡ್ಯೂಲ್ ಪಟ್ಟಿಯಲ್ಲಿರೋ ಔಷಧಿಗಳಿಗೆ ಡಾಕ್ಟರ್ ಪ್ರಿಸ್ಕ್ರಿಪ್ಷನ್ ಬರೆಯೋ ಅಧಿಕಾರ ಬರೋದು ಡಿಇಎ ಅನ್ನೋ ಕೇಂದ್ರದ ಡ್ರಗ್ ನಿಯಂತ್ರಣ ಸಂಸ್ಥೆಯ ರಿಜಿಸ್ಟ್ರೇಶನ್ನಿಂದ. ಗಾಂಜಾಕ್ಕೆ ಪ್ರಿಸ್ಕ್ರಿಪ್ಷನ್ ಬರೆದ್ರೆ ಆ ರಿಜಿಸ್ಟ್ರೇಶನ್ ಹೋಯ್ತು ಅಂತಲೇ. ಅದಕ್ಕೆ 215ರಲ್ಲಿ ಪ್ರಿಸ್ಕ್ರಿಪ್ಷನ್ ಅಂತ ಇಲ್ಲವೇ ಇಲ್ಲ, ಡಾಕ್ಟರ್ 'ಶಿಫಾರಸು' ಮಾಡಿದ್ರೆ ಸಾಕು, ಬರಹದಲ್ಲೋ ಬಾಯಿಮಾತಲ್ಲೋ. ಇಂಥ ಪೇಶೆಂಟ್‌ಗೆ ಇದರಿಂದ ಉಪಯೋಗ ಆಗಬಹುದು ಅಂತ ಡಾಕ್ಟರ್ ತನ್ನ ಅಭಿಪ್ರಾಯ ಹೇಳೋದು ಅಷ್ಟೇ, ಇಷ್ಟು ಗ್ರಾಂ, ದಿನಕ್ಕೆ ಇಷ್ಟು ಸಲ ಅಂತ ಏನೂ ಇರಲ್ಲ. ಅದಕ್ಕೂ ಕೇಂದ್ರ ಸುಮ್ಮನಿರಲಿಲ್ಲ, ಪ್ರಪೊಸಿಷನ್ ಪಾಸಾದ ಮುಂದಿನ ತಿಂಗಳೇ ಶಿಫಾರಸು ಮಾಡಿದ ಡಾಕ್ಟರ್‌ಗಳ ರಿಜಿಸ್ಟ್ರೇಶನ್ ಕಿತ್ಕೋತೀವಿ ಅಂತ ಹೆದರಿಸಿದ್ರು. ಆಗ ಸ್ಯಾನ್ ಫ್ರಾನ್ಸಿಸ್ಕೋದ ಏಡ್ಸ್ ಡಾಕ್ಟರ್ ಮಾರ್ಕಸ್ ಕೊನಾಂಟ್ ಮತ್ತೆ ಕೆಲವರು ಕೋರ್ಟಿಗೆ ಹೋದ್ರು, 2002ರಲ್ಲಿ ಒಂಬತ್ತನೇ ಸರ್ಕ್ಯೂಟ್ ಅಪೀಲ್ ಕೋರ್ಟ್ ಹೇಳ್ತು, ಡಾಕ್ಟರ್ ಪೇಶೆಂಟ್ ಜೊತೆ ಮಾತಾಡೋದು ವಾಕ್ ಸ್ವಾತಂತ್ರ್ಯ, ಅದಕ್ಕೆ ಶಿಕ್ಷೆ ಕೊಡೋ ಹಾಗಿಲ್ಲ ಅಂತ. ಅಂದ್ರೆ ಇಡೀ ಮೆಡಿಕಲ್ ಗಾಂಜಾ ವ್ಯವಸ್ಥೆ ಕಾನೂನಿನಲ್ಲಿ ಬದುಕಿದ್ದು ವೈದ್ಯಕೀಯದ ಮೇಲೆ ಅಲ್ಲ, ಮಾತಾಡೋ ಹಕ್ಕಿನ ಮೇಲೆ.

215ರಲ್ಲಿ ಇನ್ನೊಂದು ಸಾಲಿತ್ತು. ಕ್ಯಾನ್ಸರ್, ಏಡ್ಸ್, ಗ್ಲಾಕೋಮಾ ಅಂತೆಲ್ಲ ಪಟ್ಟಿ ಮಾಡಿ ಕೊನೆಯಲ್ಲಿ 'ಗಾಂಜಾದಿಂದ ಉಪಶಮನ ಸಿಗೋ ಬೇರೆ ಯಾವುದೇ ಕಾಯಿಲೆ' ಅಂತ ಸೇರಿಸಿದ್ರು. ಬಾಗಿಲು ಪೂರ್ತಿ ತೆರೆದ ಹಾಗಾಯ್ತು. ನಿದ್ದೆ ಬರಲ್ಲ, ಬೆನ್ನು ನೋವು, ಟೆನ್ಷನ್ ಅಂತ ಹೇಳಿ ಹತ್ತು ನಿಮಿಷದಲ್ಲಿ ಚೀಟಿ ಕೊಡೋ ಕ್ಲಿನಿಕ್‌ಗಳು ರಾಜ್ಯದ ತುಂಬ ಹುಟ್ಟಿಕೊಂಡವು, ಫ್ರೆಂಡ್ಸ್ ಗುಂಪಲ್ಲಿ ಒಬ್ಬನ ಹತ್ರನಾದ್ರೂ ಚೀಟಿ ಇರೋದು. ಇದನ್ನ ಬರೀ ಮೋಸ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸು ಬರಲ್ಲ, ನಿದ್ದೆ ಬರದೇ ಒದ್ದಾಡೋನಿಗೆ ಅದೂ ಕಾಯಿಲೆನೇ, ಆದ್ರೆ ನಿಜವಾಗಿ ಹಾಸಿಗೆ ಹಿಡಿದೋರ ಹೆಸರಲ್ಲಿ ಬೇರೆಯವರ ಬಂಡಿ ಓಡಿದ್ದೂ ಸುಳ್ಳಲ್ಲ.

ಅಂಗಡಿಗಳ ಕಥೆ ಬೇರೆ. 215ರಲ್ಲಿ ಪೇಶೆಂಟ್ ಬೆಳೀಬಹುದು, ಇಟ್ಕೋಬಹುದು ಅಂತ ಇತ್ತೇ ಹೊರತು ಮಾರೋದು ಹೇಗೆ ಅಂತ ಇರಲಿಲ್ಲ. 2003ರಲ್ಲಿ ಬಂದ ಎಸ್‌ಬಿ 420 ಅನ್ನೋ ಕಾನೂನು ಪೇಶೆಂಟ್‌ಗಳು ಗುಂಪಾಗಿ ಸೇರಿ ಬೆಳೆದು ಹಂಚಿಕೊಳ್ಳಬಹುದು, ಲಾಭ ಮಾಡೋ ಹಾಗಿಲ್ಲ ಅಂತು, ಬೇಕಾದೋರಿಗೆ ಗುರುತಿನ ಚೀಟಿ ಕೊಡ್ತೀವಿ ಅಂತು. ಹಾಗಾಗಿ ಡಿಸ್ಪೆನ್ಸರಿಗಳೆಲ್ಲ ಕಾಗದದ ಮೇಲೆ ಸಹಕಾರ ಸಂಘ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತನ್ನದೇ ಮೆಡಿಕಲ್ ಕ್ಯಾನಬಿಸ್ ಆಕ್ಟ್ ಮಾಡಿ, ಪರ್ಮಿಟ್ ಕೊಡೋ ಕೆಲಸನ ಪೊಲೀಸರಿಗಲ್ಲ, ಸಾರ್ವಜನಿಕ ಆರೋಗ್ಯ ಇಲಾಖೆಗೆ ಕೊಡ್ತು. ಅದೇ ವರ್ಷ ಸುಪ್ರೀಂ ಕೋರ್ಟ್ ಗೊಂಜಾಲೆಸ್ ವರ್ಸಸ್ ರೈಚ್ ಕೇಸಲ್ಲಿ 6-3ರಲ್ಲಿ ತೀರ್ಪು ಕೊಡ್ತು, ರಾಜ್ಯ ಏನೇ ಹೇಳಲಿ, ಮನೆಯಲ್ಲಿ ತನಗೋಸ್ಕರ ಬೆಳೆದ ಪೇಶೆಂಟ್ ಮೇಲೂ ಕೇಂದ್ರ ಕೇಸ್ ಹಾಕಬಹುದು ಅಂತ. 2011-12ರಲ್ಲಿ ಫೆಡರಲ್ ಪ್ರಾಸಿಕ್ಯೂಟರ್ ಮೆಲಿಂಡಾ ಹಾಗ್ ಅಂಗಡಿ ಓನರ್‌ಗಳನ್ನ ಬಿಟ್ಟು ಕಟ್ಟಡದ ಓನರ್‌ಗಳಿಗೆ ಪತ್ರ ಬರೆದ್ರು, ಸ್ಕೂಲ್ ಹತ್ರ ಇದೆ, ಖಾಲಿ ಮಾಡಿಸದಿದ್ರೆ ಬಿಲ್ಡಿಂಗ್ ಜಪ್ತಿ ಅಂತ. ಸಿಟಿ ಪರ್ಮಿಟ್ ಇದ್ದ ಹಲವು ಅಂಗಡಿ ಬಾಗಿಲು ಹಾಕ್ಕೊಂಡವು. 2014ರ ಡಿಸೆಂಬರಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ಬಜೆಟಲ್ಲಿ ಒಂದು ಷರತ್ತು ಸೇರಿಸಿದ ಮೇಲೆ ಸ್ವಲ್ಪ ಉಸಿರಾಡೋ ಹಾಗಾಯ್ತು. ರಾಜ್ಯದ ಮೆಡಿಕಲ್ ಗಾಂಜಾ ಕಾನೂನಿಗೆ ಅಡ್ಡಿ ಮಾಡೋಕೆ ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡೋ ಹಾಗಿಲ್ಲ ಅನ್ನೋದು ಆ ಷರತ್ತು. ಗಮನಿಸಿ, ಅದು ಮೆಡಿಕಲ್‌ಗೆ ಮಾತ್ರ, ಖುಷಿಗೆ ಸೇದೋರಿಗೆ ಆ ರಕ್ಷಣೆ ಇಲ್ಲ.

2016ರ ನವೆಂಬರಲ್ಲಿ ಪ್ರಪೊಸಿಷನ್ 64 ಬಂತು, 21 ದಾಟಿದ ಎಲ್ಲರಿಗೂ ಲೀಗಲ್, ರಾಜ್ಯದಲ್ಲಿ 57% ಹೌದು ಅಂತು. ಪೆರೋನ್ ಮಾತ್ರ ಇದನ್ನ ವಿರೋಧಿಸಿದ್ರು! ಸೇದೋದೆಲ್ಲ ಒಂದಲ್ಲ ಒಂದು ಥರ ಮೆಡಿಕಲ್ಲೇ, 'ಖುಷಿಗೆ' ಅಂತ ಬೇರೆ ಮಾಡಿ ವ್ಯಾಪಾರಸ್ಥರ ಕೈಗೆ ಕೊಡಬೇಡಿ ಅನ್ನೋದು ಅವರ ವಾದ. ಈ ಊರಲ್ಲಿ ಎಲ್ಲರಿಗೂ ಮಾರಾಟ ಶುರುವಾಗಿದ್ದು 2018ರ ಜನವರಿ 6ಕ್ಕೆ, ಅದೇ ತಿಂಗಳು 27ಕ್ಕೆ ಅವರು ತೀರಿಕೊಂಡ್ರು.

ಸರಿ, ಈಗ ಕೌಂಟರ್ ಹತ್ರ ಬನ್ನಿ. ಒಂದೇ ಅಂಗಡಿ, ಒಂದೇ ಸರಕು, 50 ಡಾಲರ್ ಅಂತ ಇಟ್ಕೊಳ್ಳಿ. ಒಬ್ಬ ಬರೀ ಐಡಿ ತೋರಿಸ್ತಾನೆ. ಅವನಿಗೆ ರಾಜ್ಯದ ಎಕ್ಸೈಸ್ 15%, ಅಂದ್ರೆ 7.50 ಡಾಲರ್, ಅದರ ಮೇಲೆ ಸುಮಾರು 8.6% ಸೇಲ್ಸ್ ಟ್ಯಾಕ್ಸ್, ಒಟ್ಟು 62 ಡಾಲರ್ ಚಿಲ್ಲರೆ. ಇನ್ನೊಬ್ಬ ಕೀಮೋ ಮಾಡಿಸಿಕೊಳ್ತಿರೋನು, ಡಾಕ್ಟರ್ ಶಿಫಾರಸು ಪತ್ರ ತೋರಿಸ್ತಾನೆ. ಅವನಿಗೂ 62 ಡಾಲರ್ ಚಿಲ್ಲರೆನೇ. ಡಾಕ್ಟರ್ ಪತ್ರ ಇದ್ದ ಮಾತ್ರಕ್ಕೆ ಟ್ಯಾಕ್ಸ್ ಬಿಡಲ್ಲ, ಕೌಂಟಿ, ಅಂದ್ರೆ ಜಿಲ್ಲೆಯ, ಆರೋಗ್ಯ ಇಲಾಖೆ ಮೂಲಕ ಸಿಗೋ ರಾಜ್ಯದ ಐಡಿ ಕಾರ್ಡೇ ಬೇಕು, ಆ ಕಾರ್ಡ್ ಇದ್ರೆ ಸೇಲ್ಸ್ ಟ್ಯಾಕ್ಸ್ ಮಾಫ್, ಎಕ್ಸೈಸ್ ಮಾಫಿಲ್ಲ, 57.50 ಕೊಡಬೇಕು. ಐದು ಡಾಲರ್ ಉಳೀತು. ಕಾರ್ಡಿಗೆ ಕೌಂಟಿ 100 ಡಾಲರ್‌ವರೆಗೆ ಫೀಸ್ ತಗೋಬಹುದು, ಮೆಡಿ-ಕ್ಯಾಲ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಇರೋ ಬಡವರಿಗೆ ಅರ್ಧ, ವರ್ಷಾವರ್ಷ ರಿನ್ಯೂ ಮಾಡಿಸಬೇಕು, ಡಾಕ್ಟರ್ ಫೀಸ್ ಬೇರೆ. 100 ಡಾಲರ್ ಫೀಸ್ ವಾಪಸ್ ಬರಬೇಕಾದ್ರೇ ವರ್ಷಕ್ಕೆ ಸಾವಿರದ ಮೇಲೆ ಖರೀದಿ ಮಾಡ್ಬೇಕು. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೋದು ಬೇಡ ಅನ್ನೋರು ಬೇರೆ. ಹಾಗಾಗಿ ಚೀಟಿ ಇಟ್ಕೊಂಡಿದ್ದ ಬಹಳ ಜನ 2018ರ ನಂತರ ರಿನ್ಯೂ ಮಾಡಿಸೋ ಗೋಜಿಗೇ ಹೋಗದೇ ಮಾಮೂಲಿ ಗಿರಾಕಿಗಳಾದ್ರು, ಅವರ ದೃಷ್ಟಿಯಿಂದ ಅದು ಸರಿನೇ. ಆದ್ರೆ ಅಂಗಡಿಯವನ ಲೆಕ್ಕದಲ್ಲಿ ಪೇಶೆಂಟ್ ಅನ್ನೋನು ಕಾಣಿಸದೇ ಹೋದ, ಶೆಲ್ಫಲ್ಲಿ ಪೇಶೆಂಟ್‌ಗೆ ಬೇಕಾಗಿದ್ದ ಸರಕು ಕಮ್ಮಿ ಆಯ್ತು. ಉದಾಹರಣೆಗೆ ತಿನ್ನೋ ಐಟಂ, ಎಡಿಬಲ್ ಅಂತಾರಲ್ಲ, ಅದರಲ್ಲಿ ಒಂದು ತುಣುಕಿಗೆ 10 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ನಶೆ ತರೋ ಅಂಶ), ಇಡೀ ಪ್ಯಾಕೆಟ್‌ಗೆ 100 ಅಂತ ಮಿತಿ ಹಾಕಿದ್ರು. ಹೊಸಬನಿಗೆ 10 ಮಿಲಿಗ್ರಾಂ ಸಾಕೋ ಸಾಕು. ವರ್ಷಗಟ್ಲೆ ಕ್ಯಾನ್ಸರ್ ನೋವಿಗೆ ತಗೊಂಡು ದೇಹ ಒಗ್ಗಿಹೋಗಿರೋನು ಒಂದು ಡೋಸಿಗೆ ಎಷ್ಟು ಚಾಕಲೇಟು ತಿನ್ಬೇಕು ಹೇಳಿ, ಸಕ್ಕರೆನೂ ಸೇರಿ. ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ, ಕೇಂದ್ರದ ಪ್ರಕಾರ ಇದು ಔಷಧಿನೇ ಅಲ್ವಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸೋದು ಪುಕ್ಕಟೆ ಹಂಚೋರ ಕಥೆ. ಬ್ರೌನಿ ಮೇರಿ ಕಾಲದಿಂದ ಈ ಊರಲ್ಲಿ ಕಂಪ್ಯಾಶನ್ ಪ್ರೋಗ್ರಾಂ ಅಂತ ನಡೀತಿದ್ವು. ಬೆಳೆಗಾರರು ದಾನ ಕೊಟ್ಟಿದ್ದನ್ನ ದುಡ್ಡಿಲ್ಲದ ಪೇಶೆಂಟ್ ಮನೆಗೆ ಕೊಟ್ಟು ಬರೋದು, ಸ್ವೀಟ್‌ಲೀಫ್ ಕಲೆಕ್ಟಿವ್ ಅನ್ನೋದು 1996ರಿಂದ ಇದನ್ನೇ ಮಾಡ್ಕೊಂಡು ಬಂದಿತ್ತು. ಪ್ರಪೊಸಿಷನ್ 64 ಬರೆದೋರಿಗೆ ಮಾರಾಟ ಮಾತ್ರ ತಲೆಯಲ್ಲಿತ್ತು ಅನ್ಸುತ್ತೆ, ದಾನ ಅನ್ನೋದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. 2018ರಿಂದ ಎಕ್ಸೈಸ್ ಜೊತೆಗೆ ಬೆಳೆ ತೆರಿಗೆ ಅಂತನೂ ಇತ್ತು, ಒಣ ಹೂವಿಗೆ ಔನ್ಸಿಗೆ 9.25 ಡಾಲರ್. ಮಾರಲ್ಲಪ್ಪಾ, ಸುಮ್ನೆ ಕೊಡ್ತೀನಿ ಅಂದ್ರೂ ಕಟ್ಟಬೇಕು. 1 ಪೌಂಡ್ ದಾನ ಮಾಡೋಕೆ 148 ಡಾಲರ್ ಟ್ಯಾಕ್ಸ್, ಅದರ ಮೇಲೆ ಲ್ಯಾಬ್ ಟೆಸ್ಟಿಂಗ್ ಖರ್ಚು, ಲೈಸೆನ್ಸ್ ಇರೋ ಡಿಸ್ಟ್ರಿಬ್ಯೂಟರ್ ಮೂಲಕವೇ ಹೋಗ್ಬೇಕು. ರಾಜ್ಯದ ತುಂಬ ಒಂದೊಂದೇ ಪ್ರೋಗ್ರಾಂ ನಿಂತುಹೋದವು. ಇಷ್ಟು ವರ್ಷ ಕಾನೂನು ವಿರುದ್ಧ ಇದ್ದಾಗ ನಡೆದಿದ್ದು ಕಾನೂನು ಪರವಾಗಿ ಬಂದ ಮೇಲೆ ನಿಂತಿತು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೇಟ್ ಸೆನೆಟರ್ ಸ್ಕಾಟ್ ವೀನರ್ ಇದನ್ನ ಸರಿ ಮಾಡೋಕೆ ಬಿಲ್ ತಂದ್ರೆ 2018ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ವೀಟೋ ಮಾಡಿದ್ರು, ಮತ್ತೆ ತಂದ್ರು, 2019ರ ಅಕ್ಟೋಬರಲ್ಲಿ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ್ರು. ದಾನ ಕೊಡೋ ಮೆಡಿಕಲ್ ಗಾಂಜಾಕ್ಕೆ ತೆರಿಗೆ ಇಲ್ಲ ಅನ್ನೋ ಆ ಕಾನೂನಿನ ಹೆಸರು ಡೆನಿಸ್ ಪೆರೋನ್ ಅಂಡ್ ಬ್ರೌನಿ ಮೇರಿ ಆಕ್ಟ್. ಬೆಳೆ ತೆರಿಗೆನೇ 2022ರ ಜುಲೈನಲ್ಲಿ ಎಲ್ಲರಿಗೂ ರದ್ದಾಯ್ತು.

ಇನ್ನು ಅಂಗಡಿಯವರೂ ಸುಖವಾಗಿಲ್ಲ. ಫೆಡರಲ್ ಇನ್ಕಮ್ ಟ್ಯಾಕ್ಸ್ ಕಾನೂನಲ್ಲಿ 280ಇ ಅಂತ 1982ರ ಸೆಕ್ಷನ್ ಇದೆ, ಶೆಡ್ಯೂಲ್ 1, 2ರ ಡ್ರಗ್ ಮಾರೋರಿಗೆ ವ್ಯಾಪಾರದ ಖರ್ಚು ಕಳೆಯೋ ಅವಕಾಶ ಇಲ್ಲ, ಸರಕಿನ ಅಸಲು ಮಾತ್ರ ಕಳೀಬಹುದು. 100ರ ಲೆಕ್ಕದಲ್ಲಿ ನೋಡಿ: ಮಾರಾಟ 100, ಸರಕಿನ ಅಸಲು 60, ಬಾಡಿಗೆ ಸಂಬಳ ಕರೆಂಟು 30, ಕೈಯಲ್ಲಿ ಉಳಿಯೋದು 10. ಬೇರೆ ಕಂಪನಿ ಆ 10ರ ಮೇಲೆ 21% ಅಂದ್ರೆ 2.10 ಕಟ್ಟುತ್ತೆ. ಗಾಂಜಾ ಕಂಪನಿ 40ರ ಮೇಲೆ 8.40 ಕಟ್ಟಬೇಕು, ಲಾಭ ಅಲ್ಲೇ ಮುಗೀತು. ದೊಡ್ಡ ಬ್ಯಾಂಕ್‌ಗಳು ಹತ್ರ ಸೇರಿಸಲ್ಲ, ಕ್ರೆಡಿಟ್ ಕಾರ್ಡ್ ನಡೆಯಲ್ಲ, ಅದಕ್ಕೇ ಅಂಗಡಿ ಮೂಲೆಯಲ್ಲಿ ಎಟಿಎಂ ಮೆಷಿನ್, ಅದಕ್ಕೇ ಕಳ್ಳರ ಕಾಟ. ಅಷ್ಟೆಲ್ಲ ಕಟ್ಟಿ ಇವರು ಮಾರೋ ರೇಟಿಗೆ ಲೈಸೆನ್ಸ್ ಇಲ್ಲದೋನು ಕಮ್ಮಿಗೆ ಕೊಡ್ತಾನೆ, ಟೆಸ್ಟಿಂಗೂ ಇಲ್ಲ ಟ್ಯಾಕ್ಸೂ ಇಲ್ಲ. 2025ರ ಜುಲೈನಲ್ಲಿ ಎಕ್ಸೈಸ್ 19%ಗೆ ಏರಿತು, ಮೂರೇ ತಿಂಗಳಲ್ಲಿ ಗೋಳು ಕೇಳಲಾರದೇ ಮತ್ತೆ 15%ಗೆ ಇಳಿಸಿದ್ರು. ಊರಿನದ್ದೇ ಇನ್ನೊಂದು ಗಾಂಜಾ ಬಿಸಿನೆಸ್ ಟ್ಯಾಕ್ಸಿಗೆ 2018ರಲ್ಲೇ ಮತದಾರರು ಒಪ್ಪಿದ್ದಾರೆ, ಸೂಪರ್‌ವೈಸರ್‌ಗಳು ಮುಂದೆ ಹಾಕ್ತಾನೇ ಬಂದಿದ್ದಾರೆ.

ಊರು ಮಾಡಿದ ಒಂದು ಒಳ್ಳೆ ಕೆಲಸ ಹೇಳಲೇಬೇಕು. ಹಳೇ ಗಾಂಜಾ ಕೇಸಲ್ಲಿ ಶಿಕ್ಷೆಯಾದೋರ ರೆಕಾರ್ಡ್ ಅಳಿಸೋಕೆ ಅವರೇ ಲಾಯರ್ ಇಟ್ಕೊಂಡು ಅರ್ಜಿ ಹಾಕಬೇಕಿತ್ತು, ಹಾಕಿದೋರು ಬೆರಳೆಣಿಕೆ. ಡಿಸ್ಟ್ರಿಕ್ಟ್ ಅಟಾರ್ನಿ ಜಾರ್ಜ್ ಗಾಸ್ಕೋನ್ ತಾವೇ 1975ರವರೆಗಿನ ಫೈಲ್ ತೆಗೆಸಿ, ಕೋಡ್ ಫಾರ್ ಅಮೆರಿಕ ಸಂಸ್ಥೆಯ ಸಾಫ್ಟ್‌ವೇರ್ ಹಾಕಿ ಹುಡುಕಿಸಿ, 2019ರ ಹೊತ್ತಿಗೆ 9,300ಕ್ಕೂ ಹೆಚ್ಚು ಕೇಸ್ ಗುರುತಿಸಿದ್ರು, ಯಾರೂ ಅರ್ಜಿ ಹಾಕದೇನೇ.

ಇಷ್ಟೆಲ್ಲ ಆಯ್ತು, ಔಷಧಿಯಾಗಿ ಇದು ಕೆಲಸ ಮಾಡುತ್ತಾ? ಕೆಲವಕ್ಕೆ ಮಾಡುತ್ತೆ, ಬೋರ್ಡಲ್ಲಿ ಬರೆಯೋ ಎಲ್ಲದಕ್ಕೂ ಅಲ್ಲ. ಅಮೆರಿಕದ ನ್ಯಾಶನಲ್ ಅಕಾಡೆಮೀಸ್ 2017ರಲ್ಲಿ ಆವರೆಗಿನ ಸಂಶೋಧನೆನೆಲ್ಲ ಜಾಲಾಡಿ, ದೊಡ್ಡವರ ದೀರ್ಘಕಾಲದ ನೋವು, ಕೀಮೋದ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮಾಂಸಖಂಡ ಬಿಗಿಯೋದು, ಈ ಮೂರಕ್ಕೆ ಗಟ್ಟಿ ಆಧಾರ ಇದೆ ಅಂತು. ಇದೇ ಊರಿನ ಡಾಕ್ಟರ್ ಡೊನಾಲ್ಡ್ ಏಬ್ರಮ್ಸ್ 2007ರಲ್ಲಿ ಎಚ್‌ಐವಿಯಿಂದ ನರ ಕೆಟ್ಟು ಕಾಲು ಉರಿಯೋ 50 ಪೇಶೆಂಟ್‌ಗಳ ಮೇಲೆ ಪರೀಕ್ಷೆ ಮಾಡಿದ್ರು, ಗಾಂಜಾ ಸೇದಿದೋರ ದಿನದ ನೋವು 34% ಇಳೀತು, ಸಾರ ತೆಗೆದ ಸಪ್ಪೆ ಗಾಂಜಾ ಕೊಟ್ಟವರಿಗೆ 17%. ಈ ಮನುಷ್ಯ ಏಡ್ಸ್ ಪೇಶೆಂಟ್‌ಗಳ ಮೇಲೆ ಗಾಂಜಾ ಸಂಶೋಧನೆ ಮಾಡ್ತೀನಿ ಅಂತ 1990ರ ದಶಕದ ಶುರುವಲ್ಲಿ ಕೇಂದ್ರಕ್ಕೆ ಕೇಳಿದ್ದು, ಅನುಮತಿ ಸಿಕ್ಕಿದ್ದು 1997ರಲ್ಲಿ. ಉಪಯೋಗ ಸಾಬೀತಾಗಿಲ್ಲ ಅಂತ ಶೆಡ್ಯೂಲ್ 1, ಶೆಡ್ಯೂಲ್ 1 ಅಂತ ಸಾಬೀತು ಮಾಡೋಕೇ ಬಿಡಲ್ಲ.

2024ರ ಮೇನಲ್ಲಿ ಕೇಂದ್ರವೇ ಇದನ್ನ ಶೆಡ್ಯೂಲ್ 3ಕ್ಕೆ ಇಳಿಸೋ ಪ್ರಸ್ತಾಪ ಇಟ್ಟಿತು. ಆ ಪ್ರಸ್ತಾಪದ ಲೆಕ್ಕದಲ್ಲಿ ಇಳಿದ್ರೆ ಅಂಗಡಿಯವನಿಗೆ 280ಇ ಕಾಟ ತಪ್ಪುತ್ತೆ, ಸಂಶೋಧನೆಗೆ ದಾರಿ ಸಲೀಸಾಗುತ್ತೆ. ಆದ್ರೆ ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ಪೆನ್ಸರಿ ಅಷ್ಟಕ್ಕೇ ಫೆಡರಲ್ ಲೀಗಲ್ ಆಗಲ್ಲ. ಶೆಡ್ಯೂಲ್ 3ರ ಸರಕು ಮಾರಬೇಕಾದ್ರೆ ಔಷಧಿಗಳಿಗೆ ಅನುಮತಿ ಕೊಡೋ ಕೇಂದ್ರದ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇರಬೇಕು, ಪ್ರಿಸ್ಕ್ರಿಪ್ಷನ್ ಇರಬೇಕು, ಫಾರ್ಮಸಿಯಲ್ಲಿ ಮಾರಬೇಕು, ಡಿಸ್ಪೆನ್ಸರಿಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಾದ್ರೆ ಇವತ್ತು ಆ ಊರಲ್ಲಿ ಮೆಡಿಕಲ್ ಚೀಟಿ ಯಾರಿಗೆ ಬೇಕು ಅಂದ್ರೆ, ಮೊದಲನೇದಾಗಿ 18ರಿಂದ 20ರ ವಯಸ್ಸಿನ ಪೇಶೆಂಟ್‌ಗೆ, ಅವರಿಗೆ ಅದಿಲ್ಲದೇ ಅಂಗಡಿಯೊಳಗೆ ಬಿಡಲ್ಲ. ಆಮೇಲೆ ಒಂದು ಔನ್ಸಿನ ಮಿತಿ ಸಾಲದೋರಿಗೆ, ಜಾಸ್ತಿ ಸ್ಟ್ರಾಂಗ್ ಎಣ್ಣೆ ಟಿಂಕ್ಚರ್ ಬೇಕಾದೋರಿಗೆ (ಮಾಮೂಲಿ ಗಿರಾಕಿಗೆ ಪ್ಯಾಕೆಟ್‌ಗೆ 1,000 ಮಿಲಿಗ್ರಾಂ ಮಿತಿ, ಮೆಡಿಕಲ್‌ನಲ್ಲಿ 2,000), ಪುಕ್ಕಟೆ ಪ್ರೋಗ್ರಾಂಗೆ ಸೇರೋ ಬಡವರಿಗೆ. ಕೊನೇ ಹಂತದ ಪೇಶೆಂಟ್‌ಗೂ ಬೇಕು, 2022ರಿಂದ ರಯಾನ್ಸ್ ಲಾ ಪ್ರಕಾರ ಅಂಥೋರಿಗೆ ಆಸ್ಪತ್ರೆ ಒಳಗೂ ಗಾಂಜಾ ತಗೊಳ್ಳೋಕೆ ಬಿಡಬೇಕು, ಸೇದೋ ಹಾಗಿಲ್ಲ, ತಿನ್ನೋದು ಹನಿ ಹಾಕ್ಕೊಳ್ಳೋದು ಸರಿ, ಅದಕ್ಕೆ ಶಿಫಾರಸು ಪತ್ರನೋ ಕಾರ್ಡೋ ತೋರಿಸಬೇಕು. ಇನ್ನು ಫೆಡರಲ್ ಸಬ್ಸಿಡಿ ಇರೋ ಮನೆಯಲ್ಲಿ ಬಾಡಿಗೆಗಿರೋರಿಗೆ ಕಾರ್ಡ್ ಇದ್ರೂ ಮನೆಯೊಳಗೆ ಸೇದೋ ಹಾಗಿಲ್ಲ, ರಸ್ತೆಯಲ್ಲಂತೂ ಯಾರಿಗೂ ಬಿಡಲ್ಲ, ಅವರು ಪರ್ಮಿಟ್ ಇರೋ ಕ್ಯಾನಬಿಸ್ ಲೌಂಜ್ ಹುಡುಕಿಕೊಂಡು ಹೋಗ್ಬೇಕು, ನಡೆಯೋಕೆ ಆಗೋ ಸ್ಥಿತಿಯಲ್ಲಿದ್ರೆ.